ಬೋರಯ್ಯನ ಖಾಲಿ ಬುರುಡೆ

ಕಲ್ಲುಮಂಟಿ ಕಾಡಿನ ನಡುವೆ ಒಂದು ದೊಡ್ಡ ಬಸರಿ ಮರ. ಅದರ ಬುಡದಲ್ಲಿ ಗಾಯಾಳುಗಳ ಬಿಡಾರ. ನೋಡಿಕೊಳ್ಳುವವಳು ಮುಳ್ಳುಹಂದಿ ತಾಯಮ್ಮ. ಮೈಯೆಲ್ಲ ಮುಳ್ಳು, ಮನಸ್ಸು ಮಾತ್ರ ಬೆಣ್ಣೆ ಮಕ್ಕಳೇ!

ಒಂದು ದಿನ ಪುಟ್ಟ ಕಾಡುಪಾಪವೊಂದು ಬೇಟೆಗಾರರ ಉರುಲಿಗೆ ಸಿಕ್ಕಿ, ಬಲಗೈ ಕೊಯ್ದುಕೊಂಡು ಬಿಡಾರಕ್ಕೆ ಬಂತು. ಕೊಕ್ಕರೆ ವೈದ್ಯರು ಗಾಯ ನೋಡಿದರು. "ನಾಡಿದ್ದು ಬಂದು ಮದ್ದು ಕಟ್ಟುತ್ತೇನೆ. ಅದಕ್ಕೆ ಒಂದು ಸೋರೆಬುರುಡೆ ತುಂಬ ಜೇನು ಬೇಕು. ತಡವಾದರೆ ಕೈ ಉಳಿಯುವುದಿಲ್ಲ," ಎಂದರು.

ಕೊಂಬೆ ಹಿಡಿಯುವ ಕೈಯೇ ಹೋದರೆ ಕಾಡುಪಾಪ ಬದುಕುವುದಾದರೂ ಹೇಗೆ? ತಾಯಮ್ಮ ಎಲ್ಲರನ್ನೂ ಕರೆದು ಜೇನು ಕೇಳಿದಳು. ಅಳಿಲು ಎಲೆದೊನ್ನೆಯಲ್ಲಿ ತಂದಿತು. ಸೂರಕ್ಕಿ ಕೊಕ್ಕಿನಲ್ಲಿ ಒಂದೇ ಒಂದು ತೊಟ್ಟು ತಂದಿತು. ಗೊರವಂಕ ಮರದ ತುದಿಯಲ್ಲಿ ಕೂತು, ತಂದವರ ಹೆಸರನ್ನೆಲ್ಲ ಕಾಡಿಗೇ ಕೇಳುವಂತೆ ಕೂಗಿತು.

ಕರಡಿ ಬೋರಯ್ಯನೂ ಆ ಕೂಗು ಕೇಳಿದ. 'ತೊಟ್ಟು ಕೊಟ್ಟವರಿಗೇ ಇಷ್ಟು ಮರ್ಯಾದೆಯೇ!' ಎಂದುಕೊಂಡು ಎದೆಯುಬ್ಬಿಸಿ ಮುಂದೆ ಬಂದ.

"ಈ ಹನಿ ಗಿನಿ ಯಾರಿಗೆ ಬೇಕು? ಬುರುಡೆ ತುಂಬ ಜೇನು ನಾನೊಬ್ಬನೇ ಕೊಡುತ್ತೇನೆ. ನೀವೆಲ್ಲ ಮನೆಗೆ ಹೋಗಿ!"

"ಬೋರಯ್ಯ! ಬೋರಯ್ಯ! ಬೋರಯ್ಯ!" ಗೊರವಂಕ ಮೂರು ಸಲ ಕೂಗಿತು. ಉಳಿದವರು ತಮ್ಮ ತಮ್ಮ ಜೇನು ವಾಪಸು ತೆಗೆದುಕೊಂಡು ಹೋದರು.

ಬೋರಯ್ಯನ ಗುಹೆಯಲ್ಲಿ ಬುರುಡೆ ತುಂಬ ಜೇನಿದ್ದುದು ನಿಜ. ಆದರೆ ನಾಲಿಗೆ ಕೇಳಬೇಕಲ್ಲ! "ಹೆಸರು ಕೂಗಿದ ಖುಷಿಗೆ ಒಂದು ಬೆರಳು," ಎಂದು ನೆಕ್ಕಿದ. "ಒಳ್ಳೆಯ ಕೆಲಸ ಮಾಡುತ್ತಿದ್ದೇನಲ್ಲ, ಅದಕ್ಕೆ ಇನ್ನೊಂದು ಬೆರಳು." ಮರುದಿನ ಮಧ್ಯಾಹ್ನ ನೋಡುತ್ತಾನೆ, ಬುರುಡೆ ಖಾಲಿ!

ಅಯ್ಯೋ, ಇನ್ನೇನು ಗತಿ? 'ಇರುವೆ ತಿಂದವು ಎಂದರಾಯಿತು' ಎಂದು ಸುಳ್ಳು ಹೆಣೆಯುತ್ತ ಬಿಡಾರದ ಕಡೆ ನಡೆದ. ಒಳಗಿನಿಂದ ಕಾಡುಪಾಪದ ದನಿ ಕೇಳಿಸಿತು.

"ತಾಯಮ್ಮಜ್ಜಿ, ಕೈ ವಾಸಿಯಾದ ಮೇಲೆ ಬೋರಣ್ಣನಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತೇನೆ."

ಬೋರಯ್ಯನಿಗೆ ನಾಚಿಕೆಯಾಯಿತು. ಹೆಣೆದ ಸುಳ್ಳನ್ನು ಅಲ್ಲೇ ಬಿಟ್ಟ. ಖಾಲಿ ಬುರುಡೆ ಹಿಡಿದು ನೇರ ಸೂರಕ್ಕಿಯ ಗೂಡಿಗೆ ಹೋದ.

"ತಪ್ಪಾಯಿತು ತಾಯಿ. ಜೇನನ್ನೆಲ್ಲ ನಾನೇ ತಿಂದುಬಿಟ್ಟೆ. ನಿನ್ನ ತೊಟ್ಟು ಕೊಡುತ್ತೀಯಾ?"

"ನಿನ್ನೆ ಬೇಡವಾಗಿದ್ದ ಹನಿ ಇವತ್ತು ಬೇಕಾಯಿತೇ ಬೋರಣ್ಣಾ?" ಸೂರಕ್ಕಿ ಛೇಡಿಸಿತು. ಆಮೇಲೆ ಮೆತ್ತಗೆ, "ಇರಲಿ, ಮಗುವಿನ ಕೈ ಮುಖ್ಯ ಕಣಪ್ಪ. ನಡಿ, ನಾನೂ ಬರುತ್ತೇನೆ," ಎಂದಿತು.

ಇಬ್ಬರೂ ಮನೆ ಮನೆಗೆ ಹೋದರು. ಅಳಿಲು ಚೆನ್ನಾಗಿ ಬೈದು ದೊನ್ನೆ ಬಗ್ಗಿಸಿತು. ಕೊನೆಗೆ ಬುರುಡೆ ತುಂಬಲು ನಾಲ್ಕು ಬೆರಳು ಕಡಿಮೆ ಬಿತ್ತು. ಬೋರಯ್ಯ ಹೆಜ್ಜೇನಿನ ಬಂಡೆ ಹತ್ತಿದ, ಬುರುಡೆ ತುಂಬಿಸಿ, ಮೂಗು ಬದನೆಕಾಯಿಯಂತೆ ಊದಿಸಿಕೊಂಡು ಇಳಿದ. ಈ ಸಲ ಬೆರಳು ಕೂಡ ನೆಕ್ಕಲಿಲ್ಲ.

ಮರುದಿನ ವೈದ್ಯರು ಮದ್ದು ಕಟ್ಟಿದರು. ಹದಿನೈದು ದಿನಕ್ಕೆ ಕಾಡುಪಾಪ ಕೊಂಬೆ ಹಿಡಿದು ಸರಸರ ಹತ್ತಿತು! ಇಳಿದು ಬಂದು ಬೋರಯ್ಯನ ಮುಂದೆ ಕೈ ಜೋಡಿಸಿ ನಿಂತಿತು.

"ನನಗಲ್ಲ ಮಗು. ಜೇನು ಕೊಟ್ಟ ಇವರಿಗೆಲ್ಲ ಮಾಡು," ಎಂದು ಬೋರಯ್ಯ ಪಕ್ಕಕ್ಕೆ ಸರಿದ.

ಕಾಡುಪಾಪ ಒಬ್ಬೊಬ್ಬರಿಗೂ ನಮಸ್ಕಾರ ಮಾಡತೊಡಗಿತು. ಸ್ವಲ್ಪ ಹೊತ್ತಿಗೆ, "ಅಬ್ಬಾ, ಕೈ ನೋಯುತ್ತಿದೆ!" ಎಂದಿತು.

ವೈದ್ಯರು ಗಾಬರಿಯಿಂದ ಓಡಿಬಂದರು. "ಏನಾಯಿತು? ಗಾಯವೇ?"

"ಅಲ್ಲ ವೈದ್ಯರೇ. ಕೊಟ್ಟವರು ಎಷ್ಟೊಂದು ಜನ!"

ನೀತಿ: ಜಂಭದಿಂದ ಆಡಿದ ದೊಡ್ಡ ಮಾತಿಗಿಂತ ಮನಸಾರೆ ಕೊಟ್ಟ ಒಂದು ಹನಿ ದೊಡ್ಡದು.