ಮೊಳದುದ್ದದ ಮರದ ಮೀನು

ಬೇಸಿಗೆಯಲ್ಲಿ ಹೊಳೆ ಸಣ್ಣಗಾಗಿ ಆಚೆ ದಡಕ್ಕೆ ಸರಿದಿತ್ತು. ಈಚೆ ದಡದಲ್ಲಿ, ಆಶ್ರಮದ ಮೆಟ್ಟಿಲ ಬುಡದಲ್ಲಿ, ಒಂದು ಮಡು ಮಾತ್ರ ಉಳಿದಿತ್ತು. ಮಡುವಿಗೂ ಹೊಳೆಗೂ ನಡುವೆ ಐವತ್ತು ಹೆಜ್ಜೆ ಮರಳು.

ಆ ಮಡುವಿನಲ್ಲಿ ಒಂದು ಬಾಳೆ ಮೀನು ಸಿಕ್ಕಿಕೊಂಡಿತ್ತು. ಆಳುದ್ದದ ಮೀನು. ಮೈ ನುಣುಪು, ಬಾಯಿ ತುಂಬ ಹಲ್ಲು.

ಒಂದು ಬೆಳಗ್ಗೆ ಊರಿನ ಜವರಯ್ಯ ಆಶ್ರಮಕ್ಕೆ ಬಂದ. ಗುರುಗಳು ಕೂರು ಅಂದರೂ ಕೂರಲಿಲ್ಲ.

“ಸ್ವಾಮ್ಯೋರೆ, ನನ್ನ ಮೊಮ್ಮಗಳು ಬಟ್ಟೆ ಒಗೆಯೋಕೆ ನೀರಿಗೆ ಇಳಿದಿದ್ಲು. ಹಿಮ್ಮಡಿ ಹಿಡಿದು ಎಳೆದದೆ ಅದು. ಹನ್ನೆರಡು ಹೊಲಿಗೆ ಹಾಕವ್ರೆ.”

“ಮಗು ಹೇಗಿದೆ?”

“ಹೆಂಗೋ ಅವ್ಳೆ. ನಿದ್ದೇಲಿ ಕಾಲು ಎಳ್ಕೊಳ್ತಾಳೆ.”

“ಏನು ಮಾಡಬೇಕು ಅಂತಿದ್ದೀಯ?”

“ಬಲೆ ಹಾಕಿ ನೋಡಿದ್ವಿ. ತಳದಲ್ಲೆಲ್ಲ ಬಂಡೆ, ಮುಳುಗಿದ ಮರ. ಎರಡು ಬಲೆ ಹರಿದೋದವು. ಇನ್ನು ಮದ್ದಿನ ತೋಟೆ ಹಾಕೋದೇ ಸೈ. ಒಂದು ಸಿಡಿಸಿದ್ರೆ ಮುಗೀತು.”

ಮೆಟ್ಟಿಲ ಹತ್ತಿರದ ತಿಳಿನೀರಿನಲ್ಲಿ ಬೆರಳುದ್ದದ ಮರಿಗಳು ಸಾವಿರಗಟ್ಟಲೆ ಇದ್ದವು. ಎಲ್ಲವೂ ಒಂದೇ ಮೈಯಂತೆ ಎಡಕ್ಕೆ ತಿರುಗಿ, ಒಂದೇ ಮೈಯಂತೆ ಬಲಕ್ಕೆ ತಿರುಗುತ್ತಿದ್ದವು. ಗುರುಗಳು ಅತ್ತ ನೋಡಿದರು.

“ಇವೂ ಸಾಯುತ್ತವೆ.”

“ಗೊತ್ತು ಸ್ವಾಮ್ಯೋರೆ. ನನಗೇನು ಅದು ಹಬ್ಬ ಅಲ್ಲ.”

“ಏಳು ದಿನ ಕೊಡು. ಅದನ್ನು ಜೀವಂತ ಹಿಡಿದು ಹೊಳೆಗೆ ಬಿಡುತ್ತೇವೆ.”

“ಹಿಡಿಯೋರು ಯಾರು?”

ಗುರುಗಳು ಅಂಗಳ ಗುಡಿಸುತ್ತಿದ್ದ ಶಿಷ್ಯನ ಕಡೆ ಕೈ ತೋರಿಸಿದರು.

ಶಿಷ್ಯನ ಹೆಸರು ಮುದ್ದುರಂಗ. ಮೊದಲು ಬಸ್ಸಿನ ಕಂಡಕ್ಟರಾಗಿದ್ದ. ಗುರುಗಳು ಅವನನ್ನು ಆಶ್ರಮಕ್ಕೆ ಕರೆತಂದು ಮೂರು ವರ್ಷವಾಗಿತ್ತು. ಕಂಡಕ್ಟರಾಗಿದ್ದಾಗ ರಜೆ ಸಿಕ್ಕಾಗಲೆಲ್ಲ ಕೆರೆಯ ದಂಡೆಯಲ್ಲಿ ಕೂತು, ಗಾಳ ಕಟ್ಟಿದ ಮರದ ಪುಟ್ಟ ಮೀನು ಎಸೆದು ಕೊರವ ಮೀನು ಹಿಡಿಯುತ್ತಿದ್ದ. ಅದರಲ್ಲಿ ಅವನದು ಎತ್ತಿದ ಕೈ.

ಪೊರಕೆ ಹಿಡಿದವನು ಹಿಡಿದಂತೆಯೇ ನಿಂತ. “ಗುರುಗಳೇ, ನನಗೆ ಗುಡಿಸುವ ಕೆಲಸವಿದೆ.”

“ಏಳು ದಿನ ನಾನು ಗುಡಿಸುತ್ತೇನೆ.”

ಮುದ್ದುರಂಗ ತನ್ನ ಹಳೆಯ ಟ್ರಂಕಿನಿಂದ ಬೆರಳುದ್ದದ ಮರದ ಮೀನುಗಳನ್ನು ತೆಗೆದ. ಬಿದಿರಿನ ಕೋಲು ಕಡಿದು, ಅದರ ತುದಿಗೆ ಉಂಗುರ ಕಟ್ಟಿ, ಉಂಗುರದಲ್ಲಿ ದಾರ ಹಾಯಿಸಿದ. ಎಸೆದ. ದಾರವನ್ನು ಕೈಯಲ್ಲೇ ಎಳೆದುಕೊಂಡ. ಮತ್ತೆ ಎಸೆದ.

ಎರಡು ದಿನದಲ್ಲಿ ನಾಲ್ಕು ಕೊರವ ಸಿಕ್ಕವು. ನಾಲ್ಕನ್ನೂ ನೀರಿಗೆ ಬಿಟ್ಟ. ಬಾಳೆ ಮೀನು ಮಾತ್ರ ಕಾಣಲಿಲ್ಲ.

“ಗುರುಗಳೇ, ಅದು ನನ್ನ ಮೀನನ್ನು ಕಣ್ಣೆತ್ತಿಯೂ ನೋಡುತ್ತಿಲ್ಲ.”

“ಕೊರವಕ್ಕೆಂದು ಮಾಡಿದ್ದನ್ನು ಕೊರವ ನೋಡಿತು. ಅದು ಯಾಕೆ ನೋಡಬೇಕು?”

ಗುರುಗಳು ಪೊರಕೆಯನ್ನು ಗೋಡೆಗೆ ಒರಗಿಸಿ, ಒಣಗಿ ಬಿದ್ದಿದ್ದ ಹಾಲುವಾಣದ ಕೊಂಬೆಯೊಂದನ್ನು ಎಳೆದುಕೊಂಡು ಬಂದರು. ಉಳಿ ಹಿಡಿದು ಕೂತರು. ಮಧ್ಯಾಹ್ನವೆಲ್ಲ ಬಿಳಿ ಸಿಪ್ಪೆಗಳು ಅವರ ಮಡಿಲಿಗೆ ಉದುರುತ್ತಿದ್ದವು. ಗಾಳಿ ಬಂದಾಗ ಹಾರಿ ಹೋಗಿ ಮಡುವಿನ ಮೇಲೆ ತೇಲುತ್ತಿದ್ದವು.

ಸಂಜೆಯ ಹೊತ್ತಿಗೆ ಮೊಳದುದ್ದದ ಒಂದು ಮೀನು ಸಿದ್ಧವಾಗಿತ್ತು. ನಡು ಕತ್ತರಿಸಿ ಕೊಂಡಿ ಹಾಕಿದ್ದರು. ಅಲ್ಲಾಡಿಸಿದರೆ ಬಾಲ ಬಳುಕುತ್ತಿತ್ತು. ಕಣ್ಣಿನ ಜಾಗದಲ್ಲಿ ಎರಡು ಗುಲಗಂಜಿ. ಹೊಟ್ಟೆಯ ಕೆಳಗೆ ಎರಡು ದಪ್ಪ ಗಾಳ.

ಮುದ್ದುರಂಗ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. “ಗುರುಗಳೇ, ನಾನು ಇಲ್ಲಿಯವರೆಗೆ ಹಿಡಿದ ಯಾವ ಮೀನೂ ಇಷ್ಟು ದೊಡ್ಡದಿರಲಿಲ್ಲ.”

“ಅದಕ್ಕೇ ಮಾಡಿದ್ದು.”

“ಇಷ್ಟು ದೊಡ್ಡದನ್ನು ಕಂಡರೆ ಹೆದರಿ ಓಡುವುದಿಲ್ಲವೇ?”

“ಹೆದರಿಕೆ ನಿನ್ನದು. ಅದಕ್ಕಿರುವುದು ಹಸಿವು.”

ಗುರುಗಳು ಅರ ತೆಗೆದುಕೊಂಡು ಗಾಳದ ಹಿಮ್ಮುಳ್ಳುಗಳನ್ನು ಉಜ್ಜಿ ತೆಗೆಯತೊಡಗಿದರು. ಕಚ್ಚಿದ ಮೀನು ಬಿಡಿಸಿಕೊಳ್ಳದಂತೆ ತಡೆಯುವುದೇ ಆ ಮುಳ್ಳು.

“ಅದಿಲ್ಲದಿದ್ದರೆ ತಪ್ಪಿಸಿಕೊಂಡು ಹೋಗುತ್ತಲ್ಲ!”

“ದಾರ ಸಡಿಲ ಬಿಟ್ಟರೆ ಹೋಗುತ್ತೆ. ಬಿಡಬೇಡ.”

“ನಿಮಗೆ ಇದೆಲ್ಲ ಹೇಗೆ ಗೊತ್ತು?”

“ನಾನು ಹುಟ್ಟಿದ್ದು ಬೆಸ್ತರ ಮನೆಯಲ್ಲಿ. ಕಾವಿ ಆಮೇಲೆ ಬಂತು.”

ಮರುದಿನ ಮಂಜು ಇನ್ನೂ ನೀರಿನ ಮೇಲೆ ಮಲಗಿರುವಾಗಲೇ ಮುದ್ದುರಂಗ ಮಡುವಿಗೆ ಇಳಿದ. ಮೊಣಕಾಲುದ್ದದ ನೀರಿನಲ್ಲಿ ಒಂದು ಚಪ್ಪಟೆ ಬಂಡೆಯ ಮೇಲೆ ನಿಂತ. ದೊಡ್ಡ ಮೀನು ಎಸೆದ. ತೆಂಗಿನಕಾಯಿ ಬಿದ್ದಂತೆ ಸದ್ದಾಯಿತು. ಮರಿಗಳೆಲ್ಲ ಚದುರಿದವು. ಉಂಗುರದಂಥ ಅಲೆಗಳು ಹರಡಿಕೊಂಡು ಮಂಜಿನೊಳಗೆ ಹೋದವು.

ಎಳೆದ. ಮರದ ಮೀನು ಬಳುಕುತ್ತ ಬಂತು. ಮೇಲೆತ್ತಿದ. ಎಸೆದ.

ಬಿಸಿಲೇರಿತು. ನೀರು ಆಕಾಶದ ಬಣ್ಣಕ್ಕೆ ತಿರುಗಿತು. ತಾನು ಎಸೆಯುತ್ತಿರುವುದು ನೀರಿಗೋ ಮೋಡಕ್ಕೋ ಎಂದು ಮುದ್ದುರಂಗನಿಗೆ ಆಗಾಗ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೂ ಆ ಮೀನು ಬಳುಕುತ್ತಿತ್ತು. ಹಿಂದೆ ಎಲ್ಲೋ ಗುರುಗಳ ಪೊರಕೆಯ ಸದ್ದು ಕೇಳುತ್ತಿತ್ತು. ಅದೂ ಒಂದು ಅಲೆಯ ಹಾಗೆ ಬಂದು ಬಂದು ಹೋಗುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಅದು ಬಂತು.

ಮರದ ಮೀನಿನ ಹಿಂದೆ ನೀರು ಕಪ್ಪಾಯಿತು. ಮೊದಲು ನೆರಳು ಅಂದುಕೊಂಡ. ನೆರಳಿಗೆ ಮೀಸೆಯಿತ್ತು. ಸದ್ದಿಲ್ಲದೆ, ಅವಸರವಿಲ್ಲದೆ, ಮರದ ಮೀನನ್ನು ಮುಟ್ಟದೆ ಹಿಂಬಾಲಿಸಿ, ಅವನ ಕಾಲ ಬುಡದವರೆಗೂ ಬಂತು. ಮುದ್ದುರಂಗನಿಗೆ ತನ್ನ ಉಸಿರಿನ ಸದ್ದು ಕೇಳಿಸಿತು. ಅಷ್ಟರಲ್ಲಿ ಅವನ ಕೈ ರೂಢಿಯಂತೆ ಕೋಲನ್ನು ಮೇಲೆತ್ತಿತು.

ಮರದ ಮೀನು ಗಾಳಿಯಲ್ಲಿ ನೇತಾಡಿತು. ನೀರು ಮತ್ತೆ ತಿಳಿಯಾಯಿತು.

ಅವನು ಓಡಿ ಹೋಗಿ ಹೇಳಿದ. “ಬಂದಿತ್ತು! ಕಾಲಿನ ತನಕ ಬಂದು ವಾಪಸು ಹೋಯಿತು!”

“ನೀನು ಏನು ಮಾಡಿದೆ?”

“ಮೇಲೆತ್ತಿದೆ. ದಡ ಬಂದಿತ್ತಲ್ಲ.”

“ದಡ ನಿನಗೆ ಬಂದಿತ್ತು. ಮೀನಿಗೆ ಬಂದಿರಲಿಲ್ಲ.”

ಮುದ್ದುರಂಗ ತಲೆ ತಗ್ಗಿಸಿದ. ಬಾಯಾರಿತ್ತು. ಗುರುಗಳು ತಂಬಿಗೆ ತಂದು, “ಹಿಡಿ” ಅಂದರು. ಅವನು ಬೊಗಸೆ ಒಡ್ಡಿದ. ನೀರು ಸುರಿಯುತ್ತ ಬಂತು, ಬೊಗಸೆಯನ್ನು ಮುಟ್ಟುವುದಕ್ಕೆ ಒಂದು ಗೇಣು ಇರುವಾಗ ಗುರುಗಳು ತಂಬಿಗೆಯನ್ನು ಪಕ್ಕಕ್ಕೆ ತಿರುಗಿಸಿಬಿಟ್ಟರು. ನೀರು ನೆಲಕ್ಕೆ ಬಿತ್ತು.

“ಗುರುಗಳೇ?”

“ಹತ್ತಿರ ಬಂತಲ್ಲ, ಮುಗಿಯಿತು ಅಂದುಕೊಂಡೆ.”

ಆಮೇಲೆ ಬೊಗಸೆ ತುಂಬ ಸುರಿದರು. ಅವನು ಕುಡಿದು ಮುಗಿಸಿದ ಮೇಲೆ ಕೈ ಹಿಡಿದುಕೊಂಡು ಮಡುವಿಗೆ ಕರೆದೊಯ್ದರು. ಕೋಲಿನ ತುದಿಯನ್ನು ನೀರಿನೊಳಗೆ ಅದ್ದಿ, ಎರಡು ದೊಡ್ಡ ಬಳೆ ಪಕ್ಕಪಕ್ಕದಲ್ಲಿ ಇಟ್ಟ ಹಾಗೆ ಮರದ ಮೀನನ್ನು ಸುತ್ತಿಸಿದರು. ಈ ಬಳೆ ಸುತ್ತಿ, ನಡುವೆ ದಾಟಿ, ಆ ಬಳೆ ಸುತ್ತಿ, ಮತ್ತೆ ದಾಟಿ.

“ಪ್ರತಿ ಸಲವೂ ಹೀಗೆ.”

“ಮೀನು ಹಿಂದೆ ಬಂದಿದ್ದು ಕಂಡಾಗ?”

“ಕಾಣದಿದ್ದಾಗಲೂ.”

ಐದನೆಯ ದಿನವೆಲ್ಲ ಅವನು ಹಾಗೇ ಮಾಡಿದ. ಎಸೆದ, ಎಳೆದ, ಕಾಲ ಬುಡದಲ್ಲಿ ಎರಡು ಬಳೆ ಸುತ್ತಿಸಿದ. ಆರನೆಯ ದಿನ ಮಧ್ಯಾಹ್ನದ ತನಕವೂ ಹಾಗೇ ಮಾಡಿದ. ಅಷ್ಟು ಹೊತ್ತಿಗೆ ಭುಜ ಕಲ್ಲಾಗಿತ್ತು. ಒಂದೇ ಒಂದು ಸಲ, ಸಾಕು ಅನ್ನಿಸಿ, ಸುತ್ತಿಸದೆ ಮೇಲೆತ್ತಿದ.

ಕಾಲ ಬುಡದಲ್ಲಿ ನೀರು ದೊಡ್ಡದಾಗಿ ಮಗುಚಿಕೊಂಡಿತು.

ಅವನು ಬಂಡೆಯ ಮೇಲೆ ಕುಸಿದು ಕೂತ. ಸಂಜೆ ಗುರುಗಳೇ ಬಂದು ಎಬ್ಬಿಸಿದರು. ಹರಳೆಣ್ಣೆ ಬಿಸಿ ಮಾಡಿ ಅವನ ಭುಜಕ್ಕೆ ತಿಕ್ಕಿದರು.

“ಒಂದೇ ಸಲ ಬಿಟ್ಟೆ, ಗುರುಗಳೇ.”

“ಹೂಂ.”

“ನೂರು ಸಲ ಸುತ್ತಿಸಿದಾಗ ಬರಲಿಲ್ಲ. ಬಿಟ್ಟ ಸಲ ಬಂತು.”

“ಹೂಂ.”

“ನಾಳೆ ಜವರಯ್ಯ ಬರುತ್ತಾನೆ. ನನ್ನ ಕೈಲಾಗುವುದಿಲ್ಲ. ನೀವೇ ಹಿಡಿಯಿರಿ.”

ಗುರುಗಳು ಎಣ್ಣೆಯ ಕೈಯನ್ನು ತಡೆಯದೆ ತಿಕ್ಕುತ್ತಲೇ ಇದ್ದರು. “ಹಿಡಿಯುತ್ತೇನೆ. ಆಗ ಮೀನು ಹೊಳೆಗೆ ಹೋಗುತ್ತೆ. ನೀನು ಆ ಬಂಡೆಯ ಮೇಲೆ ಕೂತೇ ಇರುತ್ತೀಯ.”

ಮುದ್ದುರಂಗ ಎದ್ದು ಹೋಗಿ ನಾಳೆಗೆಂದು ಕೋಲಿನ ದಾರ ಸರಿಮಾಡತೊಡಗಿದ.

ಏಳನೆಯ ದಿನ ಬೆಳಗ್ಗೆ ಜವರಯ್ಯ ಬಂದು ಮೆಟ್ಟಿಲ ಮೇಲೆ ಕೂತ. ತೊಡೆಯ ಮೇಲೆ ಒಂದು ಕೈಚೀಲ. ಅದರಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ.

“ಹೊತ್ತು ನೆತ್ತಿಗೆ ಬರೋ ತನಕ ನೋಡ್ತೀನಿ ಸ್ವಾಮ್ಯೋರೆ,” ಅಂದ. “ಆಮೇಲೆ ನೀವು ಅಡ್ಡ ಬರಬಾರದು.”

ಗುರುಗಳು ತಲೆಯಾಡಿಸಿದರು. ಅವನ ಪಕ್ಕದಲ್ಲೇ ಕೂತರು.

ಮುದ್ದುರಂಗ ಎಸೆದ. ಎಳೆದ. ಸುತ್ತಿಸಿದ. ಮೆಟ್ಟಿಲ ಮೇಲಿದ್ದವರನ್ನು ಮರೆತ. ಚೀಲವನ್ನು ಮರೆತ. ಭುಜದ ನೋವು ಬೇರೆ ಯಾರದೋ ಆಗಿ ದೂರ ನಿಂತಿತು. ಎರಡು ಬಳೆ ಮಾತ್ರ ಉಳಿದವು. ಈ ಬಳೆ, ದಾಟಿ, ಆ ಬಳೆ, ದಾಟಿ. ಬೆಳಕು ನೀರಿಗಿಳಿದು ಅವನ ಕಾಲಬೆರಳುಗಳ ಮೇಲೆ ಆಡುತ್ತಿತ್ತು.

ಹೊತ್ತು ನೆತ್ತಿಯ ಹತ್ತಿರ ಬಂತು. ಜವರಯ್ಯ ಎದ್ದು ನಿಂತ.

ಮರದ ಮೀನು ಕಾಲ ಬುಡಕ್ಕೆ ಬಂತು. ಹಿಂದೆ ಏನೂ ಇರಲಿಲ್ಲ. ಬರೀ ನೀರು, ತಳದ ಮರಳು ಕಾಣುವಷ್ಟು ತಿಳಿ. ಮುದ್ದುರಂಗ ಮೊದಲನೆಯ ಬಳೆ ಸುತ್ತಿಸಿದ. ದಾಟಿಸಿದ. ಎರಡನೆಯದನ್ನು ಸುತ್ತಿಸಿದ. ದಾಟಿಸಿದ. ಮತ್ತೆ ಮೊದಲನೆಯದು.

ಅವನು ನಿಂತಿದ್ದ ಬಂಡೆಯ ಅಡಿಯಿಂದಲೇ ಅದು ಹೊರಬಂತು.

ಕೋಲು ಬಾಗಿತು. ದಾರ ಅಂಗೈಯನ್ನು ಸುಡುತ್ತ ಓಡಿತು. “ಸಡಿಲ ಬಿಡಬೇಡ್ವೋ!” ಎಂದು ಕೂಗಿದವನು ಜವರಯ್ಯ. ಮೀನು ಮಡುವಿನ ನಡುವಿಗೆ ಹೋಗಿ ತಲೆ ಒದರಿತು. ಬಿಳಿ ಹೊಟ್ಟೆ ಒಮ್ಮೆ ಹೊಳೆದು ಮುಳುಗಿತು. ಮುದ್ದುರಂಗ ಬಂಡೆಯಿಂದ ಜಾರಿ ಎದೆಮಟ್ಟದ ನೀರಿಗೆ ಬಿದ್ದ. ಬಿದ್ದಲ್ಲೇ ನಿಂತ. ದಾರ ಬಿಗಿಯಾಗಿಯೇ ಇತ್ತು.

ಎಷ್ಟು ಹೊತ್ತು ಹಾಗೆ ನಡೆಯಿತೋ. ಕೊನೆಗೆ ಮೀನು ದಣಿದು ಪಕ್ಕಕ್ಕೆ ಒರಗಿತು.

ಗುರುಗಳು ಕಾವಿ ಶಾಲನ್ನು ನೀರಿನಲ್ಲಿ ಹರಡಿ ಅದರ ಕೆಳಗೆ ಸರಿಸಿದರು. ಗಾಳವನ್ನು ಎರಡು ಬೆರಳಿನಿಂದ ಹಿಡಿದು ತಿರುಗಿಸಿದರು, ಕಳಚಿಕೊಂಡಿತು. ಮರದ ಮೀನಿನ ಮೈಮೇಲೆ ಹಲ್ಲಿನ ಗುರುತುಗಳು ಆಳವಾಗಿ ಕೂತಿದ್ದವು.

ಇಬ್ಬರೇ ಎತ್ತಲು ನೋಡಿದರು. ಆಗಲಿಲ್ಲ. ಜವರಯ್ಯ ಕೈಚೀಲವನ್ನು ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟು, ಪಂಚೆ ಎತ್ತಿ ಕಟ್ಟಿ, ನೀರಿಗಿಳಿದು ಬಂದ. ಒಂದು ಕ್ಷಣ ಮೀನಿನ ಬಾಯಿಯನ್ನೇ ನೋಡಿದ. ಆಮೇಲೆ ಶಾಲಿನ ಒಂದು ತುದಿ ಹಿಡಿದ.

“ಬೇಗ ನಡೀರಿ,” ಅಂದ. “ಮರಳು ಕಾದದೆ, ಮೈ ಒಣಗ್ತದೆ.”

ಐವತ್ತು ಹೆಜ್ಜೆ ಮರಳನ್ನು ಮೂವರೂ ಓಡುತ್ತಲೇ ದಾಟಿದರು.

ಹೊಳೆಯ ತಂಪು ನೀರಿನಲ್ಲಿ ಶಾಲು ಬಿಚ್ಚಿದರೂ ಮೀನು ಅಲ್ಲಾಡಲಿಲ್ಲ. ಮುದ್ದುರಂಗ ಅದರ ಬಾಲದ ಬುಡವನ್ನು ಒಂದು ಕೈಯಲ್ಲಿ, ಹೊಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ನೀರು ಹರಿದು ಬರುವ ಕಡೆಗೆ ಮುಖ ಮಾಡಿಸಿ ನಿಂತ. ಕಿವಿರು ಒಮ್ಮೆ ತೆರೆಯಿತು. ಬಹಳ ಹೊತ್ತಾದ ಮೇಲೆ ಇನ್ನೊಮ್ಮೆ ತೆರೆಯಿತು. ಅವನ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಜವರಯ್ಯ ಪಕ್ಕದಲ್ಲಿ ಬಗ್ಗಿ, ಅಂಗೈಯಿಂದ ಅದರ ಬೆನ್ನಿನ ಮೇಲೆ ನೀರು ಹಾಯಿಸುತ್ತಿದ್ದ.

ಮೀನು ಮೈ ಬಿಗಿ ಮಾಡಿತು. ಬಾಲ ಒಂದು ಸಲ ಅಲ್ಲಾಡಿತು. ಮುದ್ದುರಂಗನ ಕೈಯಲ್ಲಿ ನೀರು ಮಾತ್ರ ಉಳಿಯಿತು.

ಜವರಯ್ಯ ಸೊಂಟ ನೆಟ್ಟಗೆ ಮಾಡಿಕೊಂಡ. “ಮನೇಲಿ ಮಗೀಗೆ ಹೇಳ್ಬೇಕು, ಅದು ಹೋಯ್ತು ಅಂತ,” ಅಂದು, ಮರಳು ದಾಟಿ, ಮೆಟ್ಟಿಲ ಮೇಲಿದ್ದ ಚೀಲ ತೆಗೆದುಕೊಂಡು ಊರ ಕಡೆ ಹೊರಟ.

ಗುರುಗಳು ಶಾಲು ಹಿಂಡತೊಡಗಿದರು. ಮುದ್ದುರಂಗ ಇನ್ನೂ ನೀರಿನಲ್ಲೇ ನಿಂತಿದ್ದ. ಬಿಸಿಲಿನಲ್ಲಿ ಹೊಳೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ.

“ಗುರುಗಳೇ, ಒಂದು ಮಾತು ಕೊರೆಯುತ್ತಿದೆ.”

“ಹೇಳು.”

“ಅದು ಹಸಿದಿತ್ತು. ನಾನು ಅದಕ್ಕೆ ಮರದ ತುಂಡು ತೋರಿಸಿದೆ. ಅದು ನಿಜ ಅಂತ ನಂಬಿ ಬಂತು. ಹೊಳೆಗೆ ಸೇರಿಸಿದೆ, ಸರಿ. ಆದರೂ ಸುಳ್ಳು ತೋರಿಸಿ ಕರೆತಂದ ಹಾಗಾಯಿತಲ್ಲ.”

ಗುರುಗಳು ಶಾಲು ಕೊಡವಿ ಹೆಗಲ ಮೇಲೆ ಹಾಕಿಕೊಂಡರು.

“ನಿನ್ನನ್ನು ನಾನು ಏನು ತೋರಿಸಿ ಕರೆತಂದೆ ಅಂದುಕೊಂಡಿದ್ದೀಯ?”