ಗಳಿಗೆ ಗೌರಿ ಸಾತಮ್ಮನಿಗೆ ಒಲಿದದ್ದು

ಕೈಯಲ್ಲಿ ಅಕ್ಷತೆ ಹಿಡಿಯಿರಿ, ದೀಪದ ಬತ್ತಿ ಮುಂದಕ್ಕೆ ಮಾಡಿರಿ, ಮಾತು ನಿಲ್ಲಿಸಿ ಕೇಳಿರಿ.

ಸಮುದ್ರದ ನೀರು ಹೊಳೆಯ ಬಾಯಿಂದ ಒಳನುಗ್ಗುವ ಒಂದು ಊರಿನಲ್ಲಿ ಹಮ್ಮಣ್ಣನೆಂಬ ಬಡ ರೈತನೂ ಅವನ ಹೆಂಡತಿ ಸಾತಮ್ಮನೂ ಇದ್ದರು. ಹೊಳೆಯಂಚಿನ ಮಣ್ಣಿನ ಏರಿಯೊಳಗೆ ಅವರ ಗದ್ದೆ, ಏರಿಯಲ್ಲೊಂದು ತೂಬು. ನೀರು ಇಳಿದಾಗ ತೂಬಿನ ಹಲಗೆ ಎತ್ತಿ ಮಳೆನೀರನ್ನು ಹೊರಬಿಡಬೇಕು, ಉಬ್ಬರ ಬರುವ ಮೊದಲು ಹಲಗೆ ಇಳಿಸಿ ಉಪ್ಪುನೀರನ್ನು ತಡೆಯಬೇಕು. ಸಾತಮ್ಮನ ಅತ್ತೆ ತಾನು ಬದುಕಿದ್ದಷ್ಟು ಕಾಲ ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ, ಹೊತ್ತು ಕಾಯುವ ದೇವಿ ಗಳಿಗೆ ಗೌರಿಗೆ ದೀಪ ಹಚ್ಚಿ, ಹಲಗೆ ಇಳಿಸಿ, ಹಸಿದು ಬಂದವರಿಗೆ ಬಡಿಸಿ, ಬಳಿಕ ತಾನು ಉಣ್ಣುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೆ ಸಾತಮ್ಮನು, ಗೌರಿ ಎಲ್ಲಿಗೆ ಹೋಗುತ್ತಾಳೆ, ಮಧ್ಯಾಹ್ನ ಹಚ್ಚಿದರಾಯಿತು ಎಂದುಕೊಂಡು, ಮಧ್ಯಾಹ್ನ ಸಂಜೆಯಾಗಿ, ಸಂಜೆ ನಾಳೆಯಾಗಿ, ವ್ರತವನ್ನೇ ಬಿಟ್ಟಳು.

ಹೀಗಿರಲು ಭಾದ್ರಪದ ಅಮಾವಾಸ್ಯೆ ಬಂತು. ಗದ್ದೆಯ ತೆನೆಯಲ್ಲಿ ಹಾಲು ತುಂಬಿತ್ತು. ಹಮ್ಮಣ್ಣ ಹಲಗೆಯ ಕೆಲಸವನ್ನು ಹೆಂಡತಿಗೆ ಹೇಳಿ ಪೇಟೆಗೆ ಹೋಗಿದ್ದನು. ಸಾತಮ್ಮ ಜಗಲಿಯಲ್ಲಿ ಕೂತು ಅಬ್ಬಲಿಗೆ ದಂಡೆ ಕಟ್ಟುತ್ತಿರಲು, ಸೀರೆಯಂಚು ನೆನೆದಿದ್ದ ಮುದುಕಿಯೊಬ್ಬಳು ಬಂದು, “ಹಸಿವಾಗಿದೆ ಮಗಳೇ, ಒಂದು ಬಟ್ಟಲು ಗಂಜಿ ಕೊಡು” ಎಂದಳು.

“ಆಮೇಲೆ ಬಾ ಅಜ್ಜಿ, ಕೈ ಬಿಡುವಿಲ್ಲ.”

“ನಾನೇನೋ ಕಾದೇನು. ನನ್ನ ಹಿಂದೆ ಬರುತ್ತಿರುವುದು ಕಾಯುವುದಿಲ್ಲವಲ್ಲ” ಎಂದು ಮುದುಕಿ ಹೊರಟುಹೋದಳು.

ಸಾತಮ್ಮ ದಂಡೆಗೆ ಗಂಟು ಹಾಕಿ ತಲೆಯೆತ್ತುವಾಗ ನೀರಿನ ಸದ್ದು ಅಂಗಳದಲ್ಲೇ ಕೇಳಿಸಿತು. ಓಡಿದಳು. ತೆರೆದ ತೂಬಿನಿಂದ ಉಪ್ಪುನೀರು ನುಗ್ಗಿ, ತೆನೆಗಳ ಮೇಲೆ ಮೀನು ಈಜುತ್ತಿದ್ದವು. ಆ ಬೆಳೆ ಸತ್ತಿತು, ಮರುವರ್ಷ ಬಿತ್ತಿದ್ದೂ ಏಳಲಿಲ್ಲ. ಹಮ್ಮಣ್ಣ ಹೊಳೆಯ ನಡುವಿನ ಮರಳದಿಬ್ಬದಲ್ಲಿ ಚಿಪ್ಪು ಹೆಕ್ಕುವ ಕೂಲಿಗೆ ಸೇರಿದನು. ಗಂಡಹೆಂಡಿರ ನಡುವೆ ಮಾತು ನಿಂತುಹೋಯಿತು.

ಒಂದು ದಿನ ನೀರು ಇಳಿದ ಹೊತ್ತಿನಲ್ಲಿ ಸಾತಮ್ಮ ಹೊಳೆದಂಡೆಗೆ ಬರಲು, ಅದೇ ಮುದುಕಿ ಮರಳು ಕೆದಕುತ್ತಿದ್ದಳು. ಸಾತಮ್ಮ ಕಾಲಿಗೆ ಬಿದ್ದು ಅತ್ತಳು.

“ಅಳುವುದಾದರೆ ಚಿಪ್ಪು ಹೆಕ್ಕುತ್ತಾ ಅಳು, ನೀರು ತಿರುಗುವ ಹೊತ್ತಾಯಿತು” ಎಂದು ಬುಟ್ಟಿಯನ್ನು ಅವಳ ಕೈಗೆ ಕೊಟ್ಟು, ಮುದುಕಿ ಹೀಗೆ ಹೇಳಿದಳು: “ಅಮಾವಾಸ್ಯೆಯಂದು ಬೆಳಕು ಹರಿಯುವಾಗ ಎದ್ದು, ಒಂಟಿ ಬತ್ತಿಯ ದೀಪ ಹಚ್ಚಿ, ಯಾವ ಕೆಲಸವನ್ನು ಎಲ್ಲಕ್ಕಿಂತ ಹೆಚ್ಚು ಮುಂದೂಡಿದ್ದೀಯೋ ಅದನ್ನೇ ಕೈಗೆತ್ತಿಕೋ. ಮುಗಿಯುವ ತನಕ ಬಾಯಿಗೆ ನೀರೂ ಬೇಡ. ನನಗೆ ಬೇಕಾದ ಪೂಜೆ ಇಷ್ಟೇ.” ಹೇಳಿದವಳು ಗಿಡಗಳ ಮರೆಗೆ ಹೋದಳು. ಮರಳಿನ ಮೇಲೆ ಸಾತಮ್ಮನ ಹೆಜ್ಜೆಗಳು ಮಾತ್ರ ಇದ್ದವು. ಬಂದವಳು ಗೌರಿಯೇ ಎಂದು ತಿಳಿದು ಅವಳು ಬುಟ್ಟಿಯನ್ನು ಕಣ್ಣಿಗೊತ್ತಿಕೊಂಡಳು.

ಮುಂದಿನ ಅಮಾವಾಸ್ಯೆಯಂದು ದೀಪ ಹಚ್ಚಿ ಸಾತಮ್ಮ ಯೋಚಿಸಲು, ನಾಳೆ ನಾಳೆ ಎಂದು ದುರಸ್ತಿ ಮಾಡದೆ ಹಿತ್ತಿಲಲ್ಲಿ ಕವುಚಿಟ್ಟಿದ್ದ ತೂತುಬಿದ್ದ ದೋಣಿ ಕಣ್ಣಿಗೆ ಬಿತ್ತು. ನಾರು ತುರುಕಿದಳು, ರಾಳ ಕಾಯಿಸಿ ಹೊಯ್ದಳು, ಸಂದು ಮುಚ್ಚಿದಳು. ಕೈ ತೊಳೆಯುವ ಮುನ್ನವೇ ಹೊಳೆಯಿಂದ ಕೂಗು ಕೇಳಿತು. ಚಿಪ್ಪು ಹೆಕ್ಕುವವರನ್ನು ಕರೆದೊಯ್ದ ದೋಣಿ ಹಗ್ಗ ಕಳಚಿ ತೇಲಿಹೋಗಿತ್ತು, ಉಬ್ಬರ ಏರುತ್ತಿತ್ತು, ದಿಬ್ಬದಲ್ಲಿ ಹಮ್ಮಣ್ಣನೂ ಜೊತೆಯವರೂ ಮೊಣಕಾಲು ನೀರಿನಲ್ಲಿ ನಿಂತಿದ್ದರು.

ಸಾತಮ್ಮ ದೋಣಿಯನ್ನು ನೀರಿಗೆ ಎಳೆದಳು, ಬಿದಿರ ಗಳು ಊರಿದಳು, ಸೆಳೆತಕ್ಕೆ ಅಡ್ಡವಾಗಿ ನಡೆಸಿದಳು. ಒಂದು ಹನಿಯೂ ಒಳಗೆ ಬರಲಿಲ್ಲ. ಅವಳು ಮುಟ್ಟುವಾಗ ನೀರು ಅವರ ಎದೆಗೇರಿತ್ತು. ಒಬ್ಬೊಬ್ಬರನ್ನೂ ಹತ್ತಿಸಿ, ಕೊನೆಗೆ ಗಂಡನ ತೋಳು ಹಿಡಿದು ಎಳೆದುಕೊಂಡಳು.

ದಡ ಸೇರಿ ಹಮ್ಮಣ್ಣ, “ಸ್ವಲ್ಪ ಉಸಿರು ಬಿಡುತ್ತೇನೆ ಕಣೇ” ಎಂದನು.

“ತೂಬಿನ ಹತ್ತಿರ ಬಿಡೋಣ, ಬನ್ನಿ” ಎಂದಳು ಸಾತಮ್ಮ.

ಒದ್ದೆ ಬಟ್ಟೆಯಲ್ಲೇ ಇಬ್ಬರೂ ಓಡಿ, ಉಬ್ಬರ ತೂಬಿನ ಮಟ್ಟಕ್ಕೆ ಏರುವ ಮೊದಲೇ ಹಲಗೆಯ ಮೇಲೆ ಮೈಭಾರ ಹಾಕಿ ಇಳಿಸಲು, ಉಪ್ಪುನೀರು ಬಂದು ಹೊರಗೇ ನಿಂತಿತು. ಆ ವರ್ಷ ಗದ್ದೆ ಬೆಳೆಯಿತು, ಕಣಜ ತುಂಬಿತು, ಮನೆಯಲ್ಲಿ ತೊಟ್ಟಿಲು ತೂಗಿತು. ದಿಬ್ಬದಿಂದ ಉಳಿದು ಬಂದವರ ಮನೆಗಳಲ್ಲೂ ಗೌರಿಯ ದೀಪ ಬೆಳಗಿತು.

ಈ ಕಥೆ ಹೇಳಿದವರಿಗೂ ಕೇಳಿದವರಿಗೂ, ಅರ್ಧದಲ್ಲಿ ಬಂದು ಕೂತವರಿಗೂ, ಸಾತಮ್ಮನಿಗೆ ಸಿಕ್ಕ ಫಲವೇ ಸಿಗಲಿ. ದೂರ ಹೋದವರು ಹೊತ್ತಿಗೆ ಸರಿಯಾಗಿ ಮನೆ ಸೇರಲಿ. ಕೈಯಲ್ಲಿರುವ ಅಕ್ಷತೆಯನ್ನು ಈಗಲೇ ದೀಪದ ಮುಂದೆ ಹಾಕಿರಿ. ಮಕ್ಕಳು ಹಸಿದಿದ್ದಾರೆ, ಎಲೆ ಹಾಕಿರಿ.