ದೇವೀರಮ್ಮ ಒಂದೇ ಮಗ್ಗುಲಿಂದ ತೆಗೆದ ಬೇರು

ತೀರಾ ಹಿಂದಿನ ಮಾತು. ನಮ್ಮಜ್ಜಿಯ ಅಜ್ಜಿಯೂ ಇದನ್ನ ಕೇಳಿ ತಿಳಿದವಳೇ ಹೊರತು ಕಂಡವಳಲ್ಲ. ಗುಡ್ಡದ ಬುಡದಲ್ಲಿ ಒಂದೂರು. ಆ ಊರಲ್ಲಿ ದೇವೀರಮ್ಮ ಅಂತ ಒಬ್ಬ ಸೂಲಗಿತ್ತಿ ಇದ್ದಳಂತೆ. ಅವಳು ಹೊಟ್ಟೆ ಮೇಲೆ ಕೈ ಇಟ್ಟರೆ ಸಾಕು, ಅಡ್ಡ ತಿರುಗಿದ ಮಗು ನೆಟ್ಟಗಾಗೋದು ಅಂತಾರೆ. ಅದೆಷ್ಟು ನಿಜವೋ ನನ್ನ ಕೇಳಬೇಡಿ. ನಾನು ಹೇಳ ಹೊರಟಿದ್ದು ಅವಳ ಹಿತ್ತಲಿನ ವಿಷಯ.

ಹಲವು ಮಕ್ಕಳ ತಾಯಿ ಬೇರು ಗೊತ್ತಲ್ಲ? ಪಂಡಿತರು ಶತಾವರಿ ಅಂತಾರೆ. ಮೇಲೆ ಮುಳ್ಳು ಬಳ್ಳಿ, ಸಬ್ಬಸಿಗೆಯಂಥ ಎಲೆ, ಮಣ್ಣೊಳಗೆ ಗೊಂಚಲು ಗೊಂಚಲು ಬಿಳಿ ಬೇರು. ಬಾಣಂತಿಗೆ ಹಾಲು ಇಳೀದಿದ್ದರೆ ಜಜ್ಜಿ, ಹಸುವಿನ ಹಾಲಲ್ಲಿ ಕುದಿಸಿ ಕೊಡೋರು. ಆಗೆಲ್ಲ ಅದು ಗುಡ್ಡದಲ್ಲಿ ತಾನೇ ಬೆಳೀತಿತ್ತು, ಬೇಕಾದವರು ಹೋಗಿ ಕಿತ್ತು ತರೋರು. ಒಂದು ಕಟ್ಟಳೆ ಇತ್ತಂತೆ. ಬೇರನ್ನ ಬುಡಸಮೇತ ಪೂರ್ತಿ ಕೀಳಬೇಕು. ಒಂದೆಳೆ ನೆಲದಲ್ಲಿ ಉಳಿದರೂ ತಾಯಿ ಹಾಲು ಅರ್ಧಕ್ಕೇ ನಿಂತುಹೋಗ್ತದೆ ಅಂತ. ಹಂಗೇ ಕಿತ್ತರು, ಕಿತ್ತರು, ಕೊನೆಗೆ ಗುಡ್ಡ ಬರಿದಾಯ್ತು. ಅಷ್ಟು ಜನದಲ್ಲಿ ಒಬ್ಬರಿಗಾದರೂ ಬುದ್ಧಿ ಓಡಬೇಡವೇ?

ಒಂದು ವರ್ಷ ಗಾಣಿಗರ ಮನೆ ಸೊಸೆಗೆ ಹಾಲು ಬರಲಿಲ್ಲ. ಎರಡು ದಿನ ಗುಡ್ಡ ಜಾಲಾಡಿದರೂ ಒಂದು ಬೇರು ಸಿಗಲಿಲ್ಲ. ಮಗು ದೇವೀರಮ್ಮನ ಮಡಿಲಲ್ಲೇ ಕಣ್ಣು ಮುಚ್ಚಿತು. ಅವಳು ಅವತ್ತೇ ಹೊರಟಳು ಅಂತಾರೆ. ಮೂರು ಗುಡ್ಡ ದಾಟಿ ಹೋಗಿ, ಎಲ್ಲೋ ಒಂದು ಬಳ್ಳಿಯ ಕೆಂಪು ಹಣ್ಣು ಸೆರಗಿಗೆ ಕಟ್ಟಿಕೊಂಡು ಬಂದಳಂತೆ.

ಬೀಜ ನೆನೆಹಾಕಿ ಹಿತ್ತಲ ಪಾತಿಯಲ್ಲಿ ಊರಿದಳು. ತಿಂಗಳಾದರೂ ಏನಿಲ್ಲ. ಆಮೇಲೆ ದಾರದಂಥ ಹನ್ನೊಂದು ಮೊಳಕೆ ಬಂದವಂತೆ. ಕಾಡಿನ ತಾಯಿಯನ್ನ ತಂದು ತಿಪ್ಪೆ ಪಕ್ಕ ಕೂರಿಸಿದ್ದಾಳೆ ಅಂತ ಬಾವಿ ಕಟ್ಟೆಯಲ್ಲಿ ಹೆಂಗಸರು ಆಡಿಕೊಂಡರು. ಮಾಗಿ ಬಂತು, ಬಳ್ಳಿ ಪೂರ್ತಿ ಒಣಗಿತು. ಸತ್ತೇ ಹೋಯ್ತು ಅಂದ್ಕೊಂಡಳು ದೇವೀರಮ್ಮ. ತಡೀಲಾರದೆ ಒಂದನ್ನ ಕಿತ್ತು ನೋಡಿದರೆ, ಕೆಳಗೆ ಇಲಿ ಬಾಲದಷ್ಟು ಬೇರು. ಅಯ್ಯೋ, ಕೈಯಾರೆ ಒಂದನ್ನ ಕೊಂದೆನಲ್ಲ ಅಂತ ಹಣೆ ಚಚ್ಚಿಕೊಂಡಳು. ಮಳೆ ಬಿದ್ದ ಮೇಲೆ ಉಳಿದ ಹತ್ತೂ ಚಿಗುರಿದವು. ಮೂರು ಮಳೆಗಾಲ ಕಳೆಯೋ ತನಕ ಯಾರೂ ಮುಟ್ಟಕೂಡದು ಅಂತ ಆವತ್ತೇ ಸಾರಿದಳಂತೆ.

ಮುಟ್ಟೋ ಕಾಲ ಅವಳಿಗೇ ಬಂತು. ಎರಡನೇ ಮಳೆಗಾಲ ಕಳೆದು ಮಾಗಿ ಹಿಡಿದಾಗ, ಮಗಳು ಚೆಲುವಾಜಿ ತವರಲ್ಲಿ ಹೆತ್ತಳು. ಹೆಣ್ಣು ಕೂಸು. ಒಂದು ದಿನ, ಎರಡು ದಿನ, ಮೂರು ದಿನ, ಹಾಲಿಲ್ಲ. ಕೂಸಿನ ಅಳು ಸಣ್ಣಗಾಗ್ತಾ ಬಂತು. ಚೆಲುವಾಜಿ, "ಅವ್ವ, ಹಿತ್ತಲಲ್ಲೇ ಇಟ್ಕೊಂಡು ಸುಮ್ನೆ ಕೂತಿದ್ದೀಯಲ್ಲ" ಅಂತ ಗೋಳಾಡಿದಳು. ಗಿಡ ಇನ್ನೂ ಎಳೇದು, ಒಂದು ಗಿಡದ ಬೇರು ಸಾಲದು. ಬುಡಸಮೇತ ಕಿತ್ತರೆ ನಾಲ್ಕೈದು ಗಿಡ ಹೋಗ್ತವೆ. ಊರಲ್ಲಿ ಇನ್ನೂ ಆರು ಬಸುರಿಯರು. ಕೀಳದಿದ್ದರೆ ಮೊಮ್ಮಗಳು ಹೋಗ್ತಾಳೆ. ದೇವೀರಮ್ಮ ಗುದ್ದಲಿ ಹಿಡಿದು ಪಾತಿ ಪಕ್ಕ ನಿಂತೇ ಇದ್ದಳಂತೆ.

ಆಮೇಲೆ ಗುದ್ದಲಿ ಅತ್ತ ಇಟ್ಟು ಕೂತಳು. ಬೆರಳಲ್ಲಿ ಮಣ್ಣು ಬಿಡಿಸಿದಳು, ಒಂದೇ ಮಗ್ಗುಲಿಂದ. ದಪ್ಪ ಬೇರು ಎರಡು ಮುರಿದಳು, ಬುಡ ಅಲ್ಲಾಡಿಸದೆ ಮಣ್ಣು ಮುಚ್ಚಿದಳು. ಹಂಗೇ ಹತ್ತೂ ಗಿಡಕ್ಕೆ. ಹತ್ತನೆಯದು ಕೈಯಲ್ಲಿ ಸ್ವಲ್ಪ ಅಲುಗಿಬಿಟ್ಟಿತು ಅಂತಾರೆ.

ಕೂಸು ನೋಡೋಕೆ ಬಂದಿದ್ದ ಬೀಗಿತ್ತಿ, ಚೆಲುವಾಜಿಯ ಅತ್ತೆ, ಹೌಹಾರಿದಳು. ಮುರಿದ ಬೇರು ಕುಡಿಸಿ ಮಗುವಿನ ಜೀವ ತೆಗೀತೀಯ ಅಂತ ಬಾಗಿಲಿಗೆ ಅಡ್ಡ ನಿಂತಳು. ತಪ್ಪು ಬಂದರೆ ನನ್ನ ಕೈಗೆ ಬರಲಿ ಅಂದಳಂತೆ ದೇವೀರಮ್ಮ. ಚೆಲುವಾಜಿ ಕಣ್ಣು ಮುಚ್ಚಿ ಕುಡಿದಳು. ಎರಡನೇ ದಿನ ಸಂಜೆ ಹಾಲು ಇಳಿಯಿತು.

ಇಲ್ಲಿಗೆ ಮುಗಿಯಿತು ಅಂದ್ಕೊಂಡಿರಾ? ಬೀಗಿತ್ತಿ ಸುಮ್ಮನಿರೋಳಲ್ಲ. ಈ ಹಾಲು ಅರ್ಧದ ಹಾಲು, ಮಳೆ ಬಂದಾಗ ಹತ್ತೂ ಗಿಡ ಚಿಗುರಿದರೆ ಕೂಸು ಉಳೀತು, ಒಂದು ಚಿಗುರದಿದ್ದರೂ ಇಲ್ಲ, ಅಂತ ಬಾಣಂತಿಯ ಕಿವಿಗೇ ಹಾಕಿ ತನ್ನೂರಿಗೆ ಹೋದಳು. ಎಂಥ ಬಾಯಿ ನೋಡಿ. ಚೆಲುವಾಜಿ ಬೆಳಗಾದರೆ ಪಾತಿ ಮುಂದೆ. ಕೂಸು ಸೀನಿದರೆ ಪಾತಿ ನೋಡ್ತಾಳೆ, ಪಾತಿ ನೋಡಿ ಕೂಸಿನ ಮೈ ಮುಟ್ಟಿ ನೋಡ್ತಾಳೆ. ಅವಳು ಹೆದರಿದ ದಿನ ಹಾಲು ಕಮ್ಮಿ. ಬೇಸಿಗೆಯೆಲ್ಲ ದೇವೀರಮ್ಮ ಬಾವಿಯಿಂದ ನೀರು ಹೊತ್ತು ಪಾತಿ ತೇವ ಆರದ ಹಾಗೆ ನೋಡಿಕೊಂಡಳು.

ಮುಂಗಾರು ಬಂತು. ಒಂಬತ್ತು ಗಿಡ ಚಿಗುರಿದವು. ಹತ್ತನೆಯದು ಇಲ್ಲ. ವಾರ ಆಯ್ತು, ಎರಡು ವಾರ ಆಯ್ತು. ಚೆಲುವಾಜಿ ಊಟ ಬಿಟ್ಟಳು, ಎದೆ ಮತ್ತೆ ಬತ್ತುತ್ತಾ ಬಂತು. ಕೂಸು ಮತ್ತೆ ಸಣ್ಣಗೆ ಅಳೋದಕ್ಕೆ ಶುರು ಮಾಡಿತು.

ಒಂದು ಬೆಳಗ್ಗೆ ದೇವೀರಮ್ಮ ಒಳಗೆ ಬಂದು, ಎಲ್ಲಾ ಚಿಗುರಿದೆ ಬಾ ನೋಡು, ಅಂದಳಂತೆ. ಚೆಲುವಾಜಿ ಓಡಿ ಹೋಗಿ ನೋಡಿದಳು. ಹತ್ತನೇ ಗುಣಿಯಲ್ಲಿ ಎಳೆ ಚಿಗುರು. ಅವತ್ತು ಎರಡು ತುತ್ತು ಜಾಸ್ತಿ ಉಂಡಳು, ಸಂಜೆಗೆ ಕೂಸು ಹೊಟ್ಟೆ ತುಂಬ ಕುಡಿದು ಮಲಗಿತು. ಆ ಕೂಸು ಬೆಳೆದು ಏಳು ಮಕ್ಕಳ ಹೆತ್ತಿತು ಅಂತಾರೆ.

ಗಿಡ ತಾನೇ ಚಿಗುರಿತು ಅಂತ ಕೆಲವರು. ದೇವೀರಮ್ಮ ಪಕ್ಕದ ಗಿಡದಿಂದ ಒಂದು ಚಿಗುರು ಸೀಳಿ ಆ ಗುಣಿಯಲ್ಲಿ ನೆಟ್ಟಿದ್ದಳು ಅಂತ ಇನ್ನು ಕೆಲವರು. ನನ್ನ ಕೇಳಿದರೆ, ನೆಟ್ಟಿದ್ದಳು. ಹೆದರಿದ ತಾಯಿಗೆ ಹಾಲು ಇಳಿಯೋದಿಲ್ಲ ಅನ್ನೋದು ಸೂಲಗಿತ್ತಿಗೆ ಗೊತ್ತಿರಲ್ಲವೇ?

ಈಗಲೂ ಆ ಊರಲ್ಲಿ ಬೇರನ್ನ ಒಂದೇ ಮಗ್ಗುಲಿಂದ ತೆಗೀತಾರೆ. ಮೂರು ಮಳೆಗಾಲ ಕಾಯ್ತಾರೆ. ಬಾಣಂತಿಯನ್ನ ಮಾತ್ರ ಪಾತಿ ಹತ್ತಿರ ಬಿಡೋದಿಲ್ಲ. ಮಳೆ ಬಿದ್ದ ಮೇಲೆ ಮನೆಯ ಹಿರಿಯಳು ಒಬ್ಬಳೇ ಹೋಗಿ ನೋಡ್ತಾಳೆ, ಒಳಗೆ ಬಂದು ಚಿಗುರಿದೆ ಅಂತಾಳೆ. ಚಿಗುರಿರಲಿ, ಬಿಡಲಿ, ಹಂಗೇ ಅಂತಾಳೆ.